ಕದ್ರಿಯ ಜೋಗಿ ಅರಸು, ವರ್ಸೇಲ್ಸಿನ ದೊರೆ

ಅದು 1623ನೇ ಇಸವಿಯ ಡಿಸೆಂಬರ್ ತಿಂಗಳು. ರೋಮ್ ನಗರದ ಪ್ರವಾಸಿಯೊಬ್ಬ ಒಂದು ಬೆಳಿಗ್ಗೆ ಮಂಗಳೂರಿನಿಂದ ಕದ್ರಿಯ ಕಡೆಗೆ ಹೊರಟ. ಅಲ್ಲಿನ ಗುಡ್ಡದ ಮೇಲೆ ಜೋಗಿಗಳ ಅರಸನೊಬ್ಬ ಇದ್ದಾನೆಂದು ಆತ ಪೋರ್ಚುಗೀಸರಿಂದ ಕೇಳಿದ್ದ. ಅರಸನೆಂದ ಮೇಲೆ ಅರಮನೆ ಇರಲೇಬೇಕಲ್ಲ! ದೇವಸ್ಥಾನವನ್ನು ನೋಡಿ, ಅದರ ಮುಂದಿನ ಕಪ್ಪು ಕಲ್ಲಿನ ಅಗಲವಾದ ಮೆಟ್ಟಿಲುಗಳನ್ನು ಹತ್ತಿ, ಮರಗಳ ನಡುವೆ ಸಾಕಷ್ಟು ದೂರ ನಡೆದ ಮೇಲೆ ಅರಸನ ಮನೆ ಕಂಡಿತು. ಅದೊಂದು ತಗ್ಗು ಕಟ್ಟಡ. ಒಂದು ಸಣ್ಣ ಜಗಲಿ. ಸುತ್ತಲೂ ಕೆಂಪು ಬಣ್ಣದ ಗೋಡೆ, ಗೋಡೆಯ ಮೇಲೆ ಆನೆ ಮತ್ತಿತರ ಪ್ರಾಣಿಗಳ ಚಿತ್ರ. ಒಂದು ಕಡೆ ನೆಲದಿಂದ ಸ್ವಲ್ಪ ಎತ್ತರಿಸಿದ ಮರದ ಮಂಚ, ಅದರ ಮೇಲೆ ಡೇರೆಯಂತೆ ಹೊದಿಸಿದ ಬಟ್ಟೆ. ಅರಸ ಕೂರುವ ಜಾಗ ಅದೇ ಎಂದು ಅಲ್ಲಿದ್ದವರು ತೋರಿಸಿದರು. ಆದರೆ ಅರಸ ಮನೆಯಲ್ಲಿರಲಿಲ್ಲ. ಯಾವುದೋ ಕೆಲಸ ನೋಡಿಕೊಳ್ಳಲು ಬಯಲಿಗೆ ಹೋಗಿದ್ದ.

ಅದೇ 1623ರಲ್ಲಿ, ಏಳು ಸಮುದ್ರಗಳಾಚೆ, ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ ಪ್ಯಾರಿಸಿನ ಹೊರವಲಯದ ಒಂದು ಹಳ್ಳಿಯಲ್ಲಿ ಬೇಟೆಯ ಮನೆಯೊಂದನ್ನು ಕಟ್ಟಿಸಲು ಆರಂಭಿಸಿದ. ಅದೂ ಸಣ್ಣದೇ. ಎಷ್ಟು ಸಣ್ಣದೆಂದರೆ, ಸಾಧಾರಣ ಗೌರವಸ್ಥನೂ ಇಂಥ ಮನೆಯ ಬಗ್ಗೆ ಹೆಮ್ಮೆಪಡಲಾರ ಎಂದು ಅವನ ಸರದಾರನೊಬ್ಬನೇ ಮೂದಲಿಸಿದ್ದ. ಆ ಹಳ್ಳಿಯ ಹೆಸರು ವರ್ಸೇಲ್ಸ್; ಫ್ರೆಂಚರ ಬಾಯಲ್ಲಿ ‘ವೆರ್ಸಾಯಿ’. ಮೊದಲ ಮಹಾಯುದ್ಧವನ್ನು ಕೊನೆಗೊಳಿಸಿದ 1919ರ ಒಪ್ಪಂದದಿಂದಾಗಿ ನಮ್ಮ ಶಾಲಾ ಮಕ್ಕಳಿಗೂ ಪರಿಚಿತವಾದ ಹೆಸರು. ಆ ಬೇಟೆಯ ಮನೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಯುರೋಪಿನ ಅತ್ಯಂತ ವೈಭವದ ಅರಮನೆಯಾಗಿ ಬೆಳೆಯಿತು. ಕದ್ರಿಯ ತಗ್ಗು ಮನೆ ಹಾಗೆ ಬೆಳೆಯಲಿಲ್ಲ. ಆದರೆ ವರ್ಸೇಲ್ಸಿನಲ್ಲಿ ಈಗ ದೊರೆಯಿಲ್ಲ. ಕದ್ರಿಯಲ್ಲಿ ಇಂದಿಗೂ ಒಬ್ಬ ಅರಸನಿಗೆ ಪಟ್ಟ ಕಟ್ಟಲಾಗುತ್ತದೆ. ಇದು ಹೇಗಾಯಿತು?

ರೋಮಿನಿಂದ ಬಂದವನು

ಕದ್ರಿಗೆ ಬಂದ ಆ ಪ್ರವಾಸಿಯ ಹೆಸರು ಪಿಯೆತ್ರೊ ದೆಲ್ಲಾ ವಲ್ಲೆ. ರೋಮಿನ ಸಿರಿವಂತ ಮನೆತನದವನು. 1614ರಲ್ಲಿ ವೆನಿಸ್ ಬಂದರಿನಿಂದ ಹೊರಟು ತುರ್ಕಿ, ಈಜಿಪ್ಟ್, ಪರ್ಷಿಯಾ ದೇಶಗಳನ್ನು ಸುತ್ತಿದ. ಬಾಗ್ದಾದಿನಲ್ಲಿ ಕೈಹಿಡಿದ ಮಡದಿ ಪರ್ಷಿಯಾದಲ್ಲಿ ತೀರಿಕೊಂಡಾಗ, ಆಕೆಯ ದೇಹ ಕೆಡದಂತೆ ಲೇಪನ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ಕೊನೆಗೆ ರೋಮಿಗೆ ಒಯ್ದು ಮಣ್ಣು ಮಾಡಿದ ವಿಚಿತ್ರ ಪ್ರೇಮಿ ಈತ. 1623ರಲ್ಲಿ ಸೂರತ್ತಿಗೆ ಬಂದಿಳಿದು, ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಗೆ ಹೋದ. ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಇಕ್ಕೇರಿಯಿಂದ ಘಟ್ಟ ಇಳಿದು ಕರಾವಳಿಗೆ ಬಂದ ದೆಲ್ಲಾ ವಲ್ಲೆ, ಕಂಡದ್ದನ್ನೆಲ್ಲ ಊರಿನ ಗೆಳೆಯನಿಗೆ ಪತ್ರಗಳ ರೂಪದಲ್ಲಿ ಬರೆದಿಟ್ಟ. ಹದಿನೇಳನೆಯ ಶತಮಾನದ ತುಳುನಾಡು ಹೇಗಿತ್ತೆಂದು ಅರಿಯಲು ಇಂದಿಗೂ ಆ ಪತ್ರಗಳ ಮೊರೆ ಹೋಗಬೇಕಾಗುತ್ತದೆ.

ಆ ಕಾಲದ ಮಂಗಳೂರು ಸೀಮೆಯ ಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಊರು ಮೊದಲಿಗೆ ಬಂಗ ಅರಸರ ಸೀಮೆಗೆ ಸೇರಿತ್ತು. ನದಿಯಾಚೆ ಉಳ್ಳಾಲದಲ್ಲಿ ಚೌಟ ವಂಶದ ರಾಣಿ ಅಬ್ಬಕ್ಕ. ಸಮುದ್ರದ ಬದಿಯಲ್ಲಿ ಪೋರ್ಚುಗೀಸರ ಕೋಟೆ. ಬಂಗರ ಮತ್ತು ಉಳ್ಳಾಲದವರ ಜಗಳದಲ್ಲಿ ಒಬ್ಬರ ಬೆನ್ನಿಗೆ ಪೋರ್ಚುಗೀಸರು, ಇನ್ನೊಬ್ಬರ ಬೆನ್ನಿಗೆ ಇಕ್ಕೇರಿಯವರು ನಿಂತರು. ಕೊನೆಗೆ ಇಕ್ಕೇರಿಯ ಸೈನ್ಯ ಈ ನಾಡನ್ನೆಲ್ಲ ತುಳಿದುಕೊಂಡು ಹೋಯಿತು. ದೆಲ್ಲಾ ವಲ್ಲೆ ಕಂಡದ್ದು ಆ ಯುದ್ಧ ಮುಗಿದ ಮೇಲಿನ ಕದ್ರಿಯನ್ನು.

ಅರಸರಿಗಿಂತ ಹಳೆಯ ಗುಡ್ಡ

ಈ ಮಠವನ್ನು ಬಂಗ ಅರಸರೇ ಕಟ್ಟಿಸಿ ಜೋಗಿಗಳಿಗೆ ಕೊಟ್ಟಿರಬೇಕು ಎಂದು ದೆಲ್ಲಾ ವಲ್ಲೆ ಊಹಿಸಿದ. ಆದರೆ ಕದ್ರಿಯ ಕಥೆ ಬಂಗರಿಗಿಂತ ಬಹಳ ಹಿಂದಿನದು. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವೇ ಅದಕ್ಕೆ ಸಾಕ್ಷಿ. ಮೂರು ಮುಖ, ಆರು ಕೈಗಳುಳ್ಳ, ಪದ್ಮಾಸನದಲ್ಲಿ ಕುಳಿತ ಈ ಮೂರ್ತಿ ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ಶಿಲ್ಪಗಳಲ್ಲೊಂದು. ಅದರ ಪೀಠದ ಶಾಸನದ ಪ್ರಕಾರ, ಕಲಿವರ್ಷ 4068ರಲ್ಲಿ, ಅಂದರೆ ಕ್ರಿ.ಶ. 968ರಲ್ಲಿ, ಆಳುಪ ದೊರೆ ಕುಂದವರ್ಮ ಇದನ್ನು ‘ಕದರಿಕಾ ವಿಹಾರ’ದಲ್ಲಿ ಪ್ರತಿಷ್ಠಾಪಿಸಿದ. ‘ವಿಹಾರ’ ಎಂಬ ಆ ಒಂದು ಮಾತು ಕದ್ರಿಯ ಬೌದ್ಧ ಹಿನ್ನೆಲೆಯನ್ನು ಸೂಚಿಸುತ್ತದೆ. ಮೂರ್ತಿ ಬೌದ್ಧರ ಅವಲೋಕಿತೇಶ್ವರನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಕುಂದವರ್ಮನಾದರೋ ತನ್ನನ್ನು ಶಿವಭಕ್ತನೆಂದೇ ಹೇಳಿಕೊಂಡವನು. ಶಿವಭಕ್ತ ದೊರೆ ಬೌದ್ಧ ವಿಹಾರದಲ್ಲಿ ಮೂರ್ತಿಯನ್ನು ನಿಲ್ಲಿಸುವುದು ಆ ಕಾಲಕ್ಕೆ ವಿರೋಧವಾಗಿ ಕಾಣಲಿಲ್ಲ.

ಬೌದ್ಧ, ಶೈವ ಎರಡೂ ಧಾರೆಗಳು ಕೂಡುವ ಇಂಥ ಜಾಗದಲ್ಲಿ ನಾಥ ಪಂಥ ಬೇರೂರಿದ್ದು ಸಹಜವೇ. ಮತ್ಸ್ಯೇಂದ್ರನಾಥ, ಗೋರಖನಾಥರ ಪರಂಪರೆಯ ಈ ಯೋಗಿಗಳು ಕಿವಿಯ ನಡುವೆ ಸೀಳಿ ದೊಡ್ಡ ಕುಂಡಲ ಧರಿಸುವವರು. ಕೊರಳಿನ ದಾರದಲ್ಲಿ ಕೊಂಬಿನ ಸಣ್ಣ ಪೀಪಿಯನ್ನು ಕಟ್ಟಿಕೊಂಡು ಪೂಜೆಯ ಹೊತ್ತಿಗೆ ಊದುವವರು. ಮಂಗಳೂರಿಗೆ ಹೆಸರು ಕೊಟ್ಟ ಮಂಗಳಾದೇವಿಯ ಕಥೆಗೂ ಮತ್ಸ್ಯೇಂದ್ರನಾಥನಿಗೂ ನಂಟಿದೆ. ಅವನ ಹಿಂದೆ ಕೇರಳದಿಂದ ಬಂದ ರಾಜಕುಮಾರಿಯೇ ಇಲ್ಲಿ ದೇವಿಯಾಗಿ ನೆಲೆಸಿದಳೆಂಬುದು ಐತಿಹ್ಯ. ಧರ್ಮಸ್ಥಳದ ಶಿವಲಿಂಗ ಹೋದದ್ದು ಕದ್ರಿಯಿಂದಲೇ ಎಂಬ ಕಥೆಯನ್ನಂತೂ ಜಿಲ್ಲೆಯಲ್ಲಿ ಕೇಳದವರಿಲ್ಲ. ಹೀಗೆ ಕದ್ರಿಯ ಜೋಗಿಗಳ ಹಿರಿಮೆಗೆ ಖಡ್ಗ ಕಾರಣವಲ್ಲ, ಸ್ಥಳದ ಮಹಿಮೆ ಕಾರಣ. ಅರಸರು ಬಂದರು, ಹೋದರು. ಬಂದವರೆಲ್ಲ ಈ ಗುಡ್ಡಕ್ಕೆ ಏನಾದರೂ ಕೊಟ್ಟರು, ಕೆಲವರು ಕಿತ್ತುಕೊಂಡರು.

ಬಯಲಲ್ಲಿ ಸಿಕ್ಕ ಅರಸ

ದೆಲ್ಲಾ ವಲ್ಲೆ ಕೊಡುವ ವಿವರಗಳು ನಾಲ್ಕು ಶತಮಾನಗಳ ಬಳಿಕವೂ ಕಣ್ಣಿಗೆ ಕಟ್ಟುತ್ತವೆ. ಮಠದ ಆವರಣಕ್ಕೆ ಕೋಟೆಯಂತೆ ಗೋಡೆ ಮತ್ತು ಕಂದಕ. ಮೊದಲ ಬಾಗಿಲು ದಾಟಿದರೆ ಎರಡೂ ಬದಿಗೆ ಹಣ್ಣಿನ ಮರಗಳಿರುವ ಅಗಲವಾದ ದಾರಿ. ಎರಡನೆಯ ಬಾಗಿಲಿನಾಚೆ ಚೌಕದ ಅಂಗಳ, ನಡುವೆ ದೇವಸ್ಥಾನ, ಹಿಂದೆ ದೇವರ ರಥವಿಟ್ಟ ಚಪ್ಪರ. ಉತ್ತರದ ಬಾಗಿಲಿನಿಂದ ಮೇಲೆ ಹತ್ತಿದರೆ ಕಪ್ಪು ಕಲ್ಲು ಕಟ್ಟಿದ ಉದ್ದನೆಯ ಕೆರೆ. ಒಂದು ಮಗ್ಗುಲಲ್ಲಿ ಅದನ್ನೇ ಸಣ್ಣ ಸಣ್ಣ ಕೊಳಗಳಾಗಿ ವಿಂಗಡಿಸಿದ್ದರು. ಇಂದು ಕದ್ರಿಗೆ ಹೋಗಿ ಕೆರೆಗಳಲ್ಲಿ ಮಿಂದು ಬರುವವರಿಗೆ ಈ ವರ್ಣನೆ ಪರಿಚಿತವೆನಿಸದಿರದು.

ಅವನ ಕಣ್ಣು ಬಹಳ ಹೊತ್ತು ನಿಂತದ್ದು ಗುಡ್ಡದ ಮೆಟ್ಟಿಲುಗಳ ಬುಡದಲ್ಲಿದ್ದ ಹಿತ್ತಾಳೆಯ ದೀಪಸ್ತಂಭದ ಮೇಲೆ. ಸುಮಾರು ಅರವತ್ತು ಗೇಣು ಎತ್ತರ. ನಕ್ಷತ್ರದಂತೆ ಕಡ್ಡಿಗಳನ್ನು ಚಾಚಿದ ಸುಮಾರು ಹದಿನೇಳು ಚಕ್ರಗಳು, ತುದಿಯಲ್ಲಿ ಐದು ಕವಲಿನ ದೀಪ. ಗರ್ಭಗುಡಿಗೂ ಹಿತ್ತಾಳೆಯ ಹೊದಿಕೆ. ಅದರ ಸುತ್ತಿನ ಗೋಡೆಗೆ ಹಣತೆ ಇಡಲು ಹನ್ನೊಂದು ಸಾಲು ಮರದ ಪಟ್ಟಿ. ಹಬ್ಬದ ರಾತ್ರಿ ಇಡೀ ದೇವಸ್ಥಾನವೇ ಹೊತ್ತಿ ಉರಿಯುವಂತೆ ಕಾಣಿಸೀತು ಎಂದು ಆತ ಕಲ್ಪಿಸಿಕೊಂಡ. ದೇವರ ಹೆಸರು ಅವನ ಇಟಾಲಿಯನ್ ಬರಹದಲ್ಲಿ ‘ಮೊಜಿಂತೊ’ ಆಯಿತು. ನಮ್ಮ ಮಂಜುನಾಥನೇ ಇರಬೇಕು. ಒಳಗೆ ಬಿಡದ ಕಾರಣ ಮೂರ್ತಿ ಹೇಗಿದೆಯೆಂದು ಅವನಿಗೆ ತಿಳಿಯಲಿಲ್ಲ. ಹೊರ ಆವರಣದ ಗೋಡೆಗಳಿಗೆ ಮಾತ್ರ ತಾಳೆ, ತೆಂಗಿನಂಥ ಮರಗಳ ಗರಿಗಳ ಹೊದಿಕೆಯೇ ಇತ್ತು. ಹಿಂದೆ ಅಲ್ಲಿಯೂ ದೊಡ್ಡ ದೊಡ್ಡ ಹಿತ್ತಾಳೆ ತಗಡುಗಳಿದ್ದವಂತೆ. ಯುದ್ಧಕಾಲದಲ್ಲಿ ವೆಂಕಟಪ್ಪ ನಾಯಕನ ಸೈನ್ಯ ಅವನ್ನು ಕಿತ್ತೊಯ್ದಿತು ಎಂದು ಅಲ್ಲಿನವರು ದೂರಿದರು.

ಕೊನೆಗೆ ಅರಸ ಸಿಕ್ಕಿದ್ದು ಬಯಲಲ್ಲಿ. ಸಾಮಾನ್ಯ ರೈತನಂತೆ ತನ್ನ ಕೆಲಸದಲ್ಲಿ ಮುಳುಗಿದ್ದ. ಬಿಳಿಯ ಉದ್ದ ಗಡ್ಡದ ಮುದುಕನಾದರೂ ಕಟ್ಟುಮಸ್ತಾದ ಆಳು. ಎರಡೂ ಕಿವಿಗಳಲ್ಲಿ ಚಿನ್ನದಂತೆ ಕಾಣುವ, ಬಂದೂಕಿನ ಗುಂಡಿನಷ್ಟು ದೊಡ್ಡ ಗುಂಡುಗಳು. ಅವುಗಳ ಭಾರಕ್ಕೆ ಕಿವಿಯ ಹಾಲೆಗಳು ಜೋತುಬಿದ್ದಿದ್ದವು. ತಲೆಯ ಮೇಲೆ ಯುರೋಪಿನಿಂದ ಮಾರಾಟಕ್ಕೆ ಬರುತ್ತಿದ್ದ ಕೆಂಪು ಟೊಪ್ಪಿಗೆ. ಮೈಮೇಲೆ ಅಂಗಿಯಿಲ್ಲ, ಹೆಗಲಿಗೆ ಅಡ್ಡಲಾಗಿ ಬಣ್ಣದ ಚೌಕುಳಿಯ ಹತ್ತಿ ಬಟ್ಟೆ. ತಿಳಿವಳಿಕೆಯುಳ್ಳವನಂತೆ ಕಂಡರೂ ಮಾತನಾಡಿಸಿದಾಗ ವಿದ್ವಾಂಸನಲ್ಲವೆಂದು ತಿಳಿಯಿತು ಎಂದು ದೆಲ್ಲಾ ವಲ್ಲೆ ಬರೆಯುತ್ತಾನೆ. ಊರಿನ ಭಾಷೆ ಬಾರದ ಪರದೇಶಿ ಕೊಟ್ಟ ತೀರ್ಪು ಇದೆಂಬುದನ್ನು ಓದುವವರು ಮರೆಯಬಾರದು.

ಆ ಅರಸ ತನ್ನ ಕಷ್ಟವನ್ನೂ ತೋಡಿಕೊಂಡ. ಒಂದು ಕಾಲಕ್ಕೆ ತನಗೆ ಕುದುರೆ, ಆನೆ, ಪಲ್ಲಕ್ಕಿ, ದೊಡ್ಡ ಪರಿವಾರ ಎಲ್ಲವೂ ಇತ್ತು. ವೆಂಕಟಪ್ಪ ನಾಯಕ ಎಲ್ಲವನ್ನೂ ಕಸಿದುಕೊಂಡ ಮೇಲೆ ಉಳಿದದ್ದು ಅಲ್ಪ. ಈ ಮಾತನ್ನು ಓದುವಾಗ ಮನೆಯ ಕೆಂಪು ಗೋಡೆಯ ಚಿತ್ರಗಳು ನೆನಪಾಗುತ್ತವೆ. ಲಾಯದಲ್ಲಿ ಆನೆಯಿರಲಿಲ್ಲ, ಗೋಡೆಯ ಮೇಲೆ ಮಾತ್ರ ಉಳಿದಿತ್ತು. ಕದ್ರಿಯ ಅರಸ ವೈಭವವನ್ನು ತಾನಾಗಿ ತೊರೆದವನೇನೂ ಆಗಿರಲಿಲ್ಲ ಎಂಬುದೂ ಇದರಿಂದ ಸ್ಪಷ್ಟ. ಜೋಗಿಯಾದರೂ ಕಳೆದುಕೊಂಡದ್ದರ ಲೆಕ್ಕ ಅವನಿಗಿತ್ತು.

ಆದರೂ ಅವನ ರಾಜ್ಯದ ಆದಾಯ, ವೆಚ್ಚದ ರೀತಿ ಬೇರೆ. ಮಠದ ಒಳಗೂ ಹೊರಗೂ ಇದ್ದ ಭೂಮಿಯಿಂದ ವರ್ಷಕ್ಕೆ ಐದಾರು ಸಾವಿರ ವರಹ ಹುಟ್ಟುತ್ತಿತ್ತು. ಹೆಚ್ಚಿನ ಭಾಗ ಹಬ್ಬಗಳಿಗೆ; ಮಿಕ್ಕದ್ದು ಊಟಕ್ಕೆ, ದೇವಸ್ಥಾನದ ನಿತ್ಯಕಟ್ಟಳೆಗೆ. ನೂರಾರು ಜೋಗಿಗಳು ಇಲ್ಲಿ ವಾಸವಾಗಿರಬಹುದೆಂದು ಎಣಿಸಿ ಬಂದ ದೆಲ್ಲಾ ವಲ್ಲೆ ಕಂಡದ್ದು ಒಬ್ಬಿಬ್ಬರನ್ನು ಮಾತ್ರ. ಅವರೆಲ್ಲ ಇಷ್ಟಬಂದಲ್ಲಿ ಸುತ್ತುತ್ತಾರೆ, ಅರಸನನ್ನು ಗೌರವಿಸುತ್ತಾರೆ, ಆದರೆ ಅವನ ಅಪ್ಪಣೆಗೆ ಕಟ್ಟುಬಿದ್ದವರಲ್ಲ ಎಂದು ತಿಳಿಯಿತು. ಹಬ್ಬಕ್ಕೆ ಎಲ್ಲರೂ ಬಂದು ಸೇರುತ್ತಾರೆ, ಆಗ ಅವರಿಗೆಲ್ಲ ಅನ್ನವಿಕ್ಕುವುದು ಅರಸನ ಕೆಲಸ. ಇನ್ನು ಇಪ್ಪತ್ತು ದಿನಗಳಲ್ಲಿ ಅಂಥ ಹಬ್ಬವೊಂದಿದೆ, ಇದ್ದು ನೋಡಿಕೊಂಡು ಹೋಗು ಎಂದು ಅರಸ ಅತಿಥಿಯನ್ನು ಕರೆದ. ಕದ್ರಿಯ ಜಾತ್ರೆ ಇಂದಿಗೂ ನಡೆಯುವುದು ಮಕರ ಸಂಕ್ರಮಣದ ಆಸುಪಾಸಿನಲ್ಲೇ.

ಇದೇ ಪ್ರವಾಸದಲ್ಲಿ ಆತ ಉಳ್ಳಾಲದ ರಾಣಿಯನ್ನೂ ಕಂಡ. ಮಣೇಲ್‌ನಲ್ಲಿ ಆಕೆ ನೀರಿನ ಕಾಲುವೆಗಳ ಕೆಲಸ ನೋಡುತ್ತ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ನೆರಳಿಗೆ ತಾಳೆಗರಿಯ ಕೊಡೆ. ವೇಷ ನೋಡಿದರೆ ರಾಣಿಯೆಂದು ಗುರುತಿಸುವಂತಿರಲಿಲ್ಲ, ಮಾತಿನಲ್ಲಿ ಮಾತ್ರ ರಾಣಿಯ ಗತ್ತು ಇತ್ತು. ನೀರು, ಗದ್ದೆ, ಅನ್ನ ಇವುಗಳ ಮೇಲೆ ಕಣ್ಣಿಡುವುದೇ ಅರಸೊತ್ತಿಗೆ ಎಂಬ ತಿಳಿವು ಈ ಕರಾವಳಿಯಲ್ಲಿ ಆಗ ಸಾಮಾನ್ಯವಾಗಿತ್ತು ಎನ್ನಬಹುದು.

ಗಡಿಯಾರದಂತೆ ಬಾಳಿದ ದೊರೆ

ಈಗ ವರ್ಸೇಲ್ಸಿನ ಕಡೆಗೆ ನೋಡೋಣ. ಹದಿಮೂರನೆಯ ಲೂಯಿಯ ಮಗ ಹದಿನಾಲ್ಕನೆಯ ಲೂಯಿ ಬಾಲ್ಯದಲ್ಲೇ ದೊರೆಯಾದವನು. ಆಗ ಪ್ಯಾರಿಸಿನಲ್ಲಿ ಸರದಾರರು ಎಬ್ಬಿಸಿದ್ದ ದಂಗೆಯನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ದೇಶದ ದೊಡ್ಡವರೆಲ್ಲ ತನ್ನ ಕಣ್ಣೆದುರಿಗೇ ಇರಬೇಕೆಂಬುದು ಅವನ ಹಟ. 1661ರಿಂದ ಅಪ್ಪನ ಬೇಟೆಯ ಮನೆಯ ಸುತ್ತ ಕಟ್ಟುತ್ತಲೇ ಹೋದ. 1682ರ ಮೇ 6ರಂದು ಆಸ್ಥಾನವನ್ನೂ ಸರಕಾರವನ್ನೂ ಅಲ್ಲಿಗೇ ಸ್ಥಳಾಂತರಿಸಿದ. ಎಪ್ಪತ್ತಮೂರು ಮೀಟರ್ ಉದ್ದದ ಕನ್ನಡಿ ಮಹಲು ಎರಡು ವರ್ಷಗಳ ಬಳಿಕ ಮುಗಿಯಿತು. ಹದಿನೇಳು ಕಿಟಕಿಗಳಿಗೆ ಎದುರಾಗಿ ಹದಿನೇಳು ಕಮಾನುಗಳಲ್ಲಿ 357 ಕನ್ನಡಿಗಳು.

ಈ ಅರಮನೆಯಲ್ಲಿ ದೊರೆಯ ದಿನಚರಿಯೇ ರಾಜಕಾರಣ. ಬೆಳಿಗ್ಗೆ ಎಂಟರ ಸುಮಾರಿಗೆ, ಅದೇ ಕೋಣೆಯಲ್ಲಿ ಮಲಗುತ್ತಿದ್ದ ಮುಖ್ಯ ಪರಿಚಾರಕ ಅವನನ್ನು ಎಬ್ಬಿಸುವನು. ಬಳಿಕ ವೈದ್ಯರು, ಮನೆತನದವರು, ಸರದಾರರು ಅಂತಸ್ತಿಗೆ ತಕ್ಕಂತೆ ಸರದಿಯಲ್ಲಿ ಒಳಗೆ ಬರುವರು. ದೊರೆಗೆ ಅಂಗಿ ಕೊಡುವ ಭಾಗ್ಯ ಹಾಜರಿದ್ದವರಲ್ಲಿ ಎಲ್ಲರಿಗಿಂತ ದೊಡ್ಡವನದು. ಹತ್ತಕ್ಕೆ ಪ್ರಾರ್ಥನೆ, ಆಮೇಲೆ ಮಂತ್ರಾಲೋಚನೆ, ಮಧ್ಯಾಹ್ನ ಒಂದಕ್ಕೆ ಊಟ, ಅನಂತರ ಬೇಟೆ ಅಥವಾ ತೋಟದಲ್ಲಿ ತಿರುಗಾಟ, ರಾತ್ರಿ ಹತ್ತಕ್ಕೆ ಎಲ್ಲರೆದುರು ಭೋಜನ. ದೊರೆಯ ಊಟ ಅಡುಗೆಯ ಕಟ್ಟಡದಿಂದ ಕಾವಲುಗಾರರ ಮೆರವಣಿಗೆಯಲ್ಲಿ ಬರುವಾಗ ಎದುರಾದವರು ಟೊಪ್ಪಿ ತೆಗೆದು ಬಾಗಬೇಕು. ಅಷ್ಟು ದೂರ ಬರುವಷ್ಟರಲ್ಲಿ ಅದು ತಣ್ಣಗಾಗುತ್ತಿತ್ತು ಎಂಬುದು ಬೇರೆ ಮಾತು. ಮಲಗುವ ಹೊತ್ತಿಗೆ ಮೇಣದ ಬತ್ತಿ ಹಿಡಿಯುವ ಅವಕಾಶ ಯಾರಿಗೆ ಸಿಕ್ಕಿತೆಂಬುದು ಮರುದಿನದ ಸುದ್ದಿ. ಒಂದು ಪಂಚಾಂಗ, ಒಂದು ಗಡಿಯಾರ ಇದ್ದರೆ ಸಾಕು, ಮುನ್ನೂರು ಹರಿದಾರಿ ದೂರದಲ್ಲಿದ್ದರೂ ದೊರೆ ಈಗ ಏನು ಮಾಡುತ್ತಿದ್ದಾನೆಂದು ಹೇಳಬಹುದು ಎಂಬರ್ಥದ ಮಾತನ್ನು ಆ ಆಸ್ಥಾನದಲ್ಲೇ ಬಾಳಿದ ಸ್ಯಾಂ ಸಿಮೊನ್ ಬರೆದಿಟ್ಟಿದ್ದಾನೆ.

ಕದ್ರಿಯ ಅರಸನನ್ನು ಹುಡುಕಿಕೊಂಡು ಬಯಲಿಗೆ ಹೋಗಬೇಕಾಯಿತು. ವರ್ಸೇಲ್ಸಿನ ದೊರೆಗೆ ಹಾಸಿಗೆಯಲ್ಲೂ ಏಕಾಂತವಿರಲಿಲ್ಲ. ಸರದಾರರನ್ನು ಕಟ್ಟಿಹಾಕಲು ಕಟ್ಟಿದ ಅರಮನೆಯಲ್ಲಿ ದೊರೆಯೂ ಕಟ್ಟುಬಿದ್ದ. ಜನ ಮಾತ್ರ ದೂರವೇ ಉಳಿದರು. ಸಭ್ಯ ಉಡುಪು ತೊಟ್ಟು, ಸೊಂಟಕ್ಕೊಂದು ಖಡ್ಗ ಸಿಕ್ಕಿಸಿಕೊಂಡರೆ ಸಾಮಾನ್ಯರೂ ಅರಮನೆಯೊಳಗೆ ಅಡ್ಡಾಡಬಹುದಿತ್ತು. ಖಡ್ಗವಿಲ್ಲದವರಿಗೆ ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತಿತ್ತು. ಆದರೆ ನೋಡಲು ಸಿಗುತ್ತಿದ್ದದ್ದು ವೈಭವವೇ ಹೊರತು ದೊರೆತನದ ದುಡಿಮೆಯಲ್ಲ.

ನೀರು, ಬೆಳ್ಳಿ, ಹಿತ್ತಾಳೆ

ಎರಡು ಮನೆಗಳ ನಡುವಿನ ಅಂತರ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ನೀರಿನಲ್ಲಿ. ಕದ್ರಿಯ ಗುಡ್ಡದ ಒರತೆ ಗೋಮುಖದಿಂದ ತಾನಾಗಿ ಇಳಿದು ಕೆರೆಗಳನ್ನು ತುಂಬುತ್ತದೆ. ಯಂತ್ರ ಬೇಡ, ಆಳು ಬೇಡ. ವರ್ಸೇಲ್ಸ್ ಇದ್ದದ್ದು ನೀರಿಲ್ಲದ ಜಾಗದಲ್ಲಿ. ದೊರೆಗೆ ಮಾತ್ರ ತೋಟದ ತುಂಬ ಕಾರಂಜಿಗಳು ಬೇಕಿದ್ದವು. ಸೇನ್ ನದಿಯಿಂದ ನೀರೆತ್ತಲು ಮಾರ್ಲಿ ಎಂಬಲ್ಲಿ ಹದಿನಾಲ್ಕು ಭಾರೀ ಚಕ್ರಗಳ ಯಂತ್ರವನ್ನು 1684ರ ಹೊತ್ತಿಗೆ ಕಟ್ಟಿದರು. ಆದರೂ ಎಲ್ಲ ಕಾರಂಜಿಗಳೂ ಒಟ್ಟಿಗೆ ಚಿಮ್ಮುವಷ್ಟು ನೀರಿರಲಿಲ್ಲ. ದೊರೆ ತೋಟದಲ್ಲಿ ಹೊರಟರೆ ಆಳುಗಳು ಸೀಟಿ ಊದಿ ಒಬ್ಬರಿಗೊಬ್ಬರು ಸೂಚನೆ ಕೊಡುವರು. ಅವನು ಹತ್ತಿರ ಬಂದಾಗ ಆ ಕಾರಂಜಿ ಚಿಮ್ಮುವುದು, ದಾಟಿದ ಮೇಲೆ ನಿಲ್ಲುವುದು.

ವರ್ಸೇಲ್ಸಿನಲ್ಲಿ ಆನೆಯೂ ಇತ್ತು, ಚಿತ್ರವಲ್ಲ, ನಿಜವಾದದ್ದು. ಪೋರ್ಚುಗಲ್ಲಿನ ದೊರೆ 1668ರಲ್ಲಿ ಕಾಣಿಕೆ ಕಳಿಸಿದ ಆಫ್ರಿಕದ ಆನೆ ಅಲ್ಲಿನ ಮೃಗಾಲಯದಲ್ಲಿ ಹದಿಮೂರು ವರ್ಷ ಬದುಕಿತು. ದಿನದ ಆಹಾರದಲ್ಲಿ ರಾಶಿ ಬ್ರೆಡ್ಡಿನ ಜೊತೆಗೆ ದ್ರಾಕ್ಷಾರಸವೂ ಇರುತ್ತಿತ್ತು.

ಒಂದು ಸಂಗತಿಯಲ್ಲಿ ಮಾತ್ರ ಎರಡೂ ಮನೆಗಳ ಹಣೆಬರಹ ಒಂದೇ. ಕದ್ರಿಯ ಹಿತ್ತಾಳೆ ತಗಡುಗಳು ಯುದ್ಧದಲ್ಲಿ ಹೋದವು. ಕನ್ನಡಿ ಮಹಲನ್ನು ತುಂಬಿದ್ದ ಬೆಳ್ಳಿಯ ಮೇಜು, ಪೀಠ, ದೀಪದ ಕಂಬಗಳನ್ನು ಹದಿನಾಲ್ಕನೆಯ ಲೂಯಿಯೇ 1689ರಲ್ಲಿ ಕರಗಿಸಿ ಯುದ್ಧದ ಖರ್ಚಿಗೆ ನಾಣ್ಯ ಟಂಕಿಸಿದ. ಒಂದೆಡೆ ಲೋಹವನ್ನು ವೈರಿ ಕಿತ್ತೊಯ್ದ, ಇನ್ನೊಂದೆಡೆ ಒಡೆಯನೇ ಕರಗಿಸಿದ. ಯುದ್ಧದ ಹಸಿವು ಎರಡೂ ಕಡೆ ಒಂದೇ.

ಮಂಗಳೂರಿನ ಒಡೆಯನ ದೂತರು

ಮಂಗಳೂರನ್ನು ಆಳಿದವನೊಬ್ಬನ ದೂತರು ಈ ಅರಮನೆಯ ಮೆಟ್ಟಿಲು ಹತ್ತಿದ ಪ್ರಸಂಗವೂ ಇತಿಹಾಸದಲ್ಲಿದೆ. ಹೈದರಾಲಿಯ ಕಾಲದಲ್ಲಿ ಕರಾವಳಿ ಶ್ರೀರಂಗಪಟ್ಟಣದ ಆಳ್ವಿಕೆಗೆ ಬಂತು. ಇಂಗ್ಲಿಷರೊಡನೆ ಟಿಪ್ಪು ಸುಲ್ತಾನ 1784ರ ಮಾರ್ಚ್ 11ರಂದು ಒಪ್ಪಂದ ಮಾಡಿಕೊಂಡದ್ದು ಮಂಗಳೂರಿನಲ್ಲೇ. ಮುಂದಿನ ಯುದ್ಧಕ್ಕೆ ಫ್ರೆಂಚರ ನೆರವು ಬೇಕೆಂದು ಆತ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ: ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಪಾಂಡಿಚೇರಿಯಿಂದ ಹಡಗೇರಿ 1788ರ ಜೂನ್‌ನಲ್ಲಿ ತೂಲೊನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿ ಅವರಿಗೆ ದರ್ಶನ ಕೊಟ್ಟ.

ದರ್ಶನದ ವೈಭವಕ್ಕೆ ಕೊರತೆಯಿರಲಿಲ್ಲ. ರಾಯಭಾರಿಗಳ ಉಡುಪು, ನಡೆನುಡಿ ನೋಡಲು ಜನ ಮುಗಿಬಿದ್ದರು. ಸೇವ್ರ್ ಕಾರ್ಖಾನೆಯ ಪಿಂಗಾಣಿಯ ಉಡುಗೊರೆ ಸಿಕ್ಕಿತು. ಸಿಗದೆ ಹೋದದ್ದು ಅವರು ಕೇಳಲು ಬಂದಿದ್ದ ಸೈನ್ಯದ ನೆರವು. ಅರಮನೆಯ ಬೊಕ್ಕಸ ಬರಿದಾಗಿತ್ತು. ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಪ್ಯಾರಿಸಿನ ಸಂತೆಯ ಹೆಂಗಸರು ರೊಟ್ಟಿಗಾಗಿ ಕೂಗುತ್ತ ಮಳೆಯಲ್ಲಿ ನಡೆದು ವರ್ಸೇಲ್ಸಿಗೆ ಬಂದರು. 1789ರ ಅಕ್ಟೋಬರ್ 6ರಂದು ದೊರೆ, ರಾಣಿ, ಮಕ್ಕಳು ಅವರ ಜೊತೆಯಲ್ಲೇ ಪ್ಯಾರಿಸಿಗೆ ಹೊರಡಬೇಕಾಯಿತು. ಆಸ್ಥಾನ ಮತ್ತೆಂದೂ ಅಲ್ಲಿಗೆ ಮರಳಲಿಲ್ಲ. 1793ರಲ್ಲಿ ದೊರೆಯ ತಲೆ ಉರುಳಿತು. ಅರಮನೆಯ ಪೀಠೋಪಕರಣ ಹರಾಜಾಯಿತು. 1837ರಲ್ಲಿ ಕಟ್ಟಡ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಪ್ಪನಿಂದ ಮಗನಿಗೆ ಇಳಿದು ಬರುವ ದೊರೆತನಕ್ಕೆ, ಅದನ್ನು ಜನ ಬೇಡವೆಂದ ಮೇಲೆ, ನಿಲ್ಲಲು ಬೇರೆ ನೆಲವಿರಲಿಲ್ಲ.

ಹನ್ನೆರಡು ವರ್ಷದ ಪಟ್ಟ

ಕದ್ರಿಯಲ್ಲಿ ನಡೆದದ್ದು ಬೇರೆ. ಜೋಗಿಗಳಿಗೆ ಹೆಂಡತಿ ಮಕ್ಕಳಿಲ್ಲದ ಕಾರಣ ಈ ಪಟ್ಟ ವಂಶದಲ್ಲಿ ಇಳಿಯುವುದಿಲ್ಲ, ಆಯ್ಕೆಯಿಂದ ಬರುತ್ತದೆ ಎಂದು ದೆಲ್ಲಾ ವಲ್ಲೆ ಆಗಲೇ ಗುರುತಿಸಿದ್ದ. ಇಂದಿಗೂ ಹಾಗೆಯೇ. ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ಕುಂಭಮೇಳ ನಡೆದಾಗ ದೇಶದ ನಾಥ ಪಂಥದ ಹನ್ನೆರಡು ಶಾಖೆಗಳ ಯೋಗಿಗಳು ಸೇರಿ ಕದ್ರಿಯ ಮುಂದಿನ ಅರಸನನ್ನು ಆರಿಸುತ್ತಾರೆ. ಅಲ್ಲಿಂದ ‘ಝುಂಡಿ’ ಎಂದು ಕರೆಯುವ ಯೋಗಿಗಳ ತಂಡ ಪಾತ್ರದೇವತೆಯನ್ನು ಹೊತ್ತು ಕಾಲ್ನಡಿಗೆಯಲ್ಲಿ ಹೊರಡುತ್ತದೆ. ಮಹಾರಾಷ್ಟ್ರ ದಾಟಿ, ಕರ್ನಾಟಕದ ಊರೂರು ಹಾದು, ಹಲವು ತಿಂಗಳ ನಡಿಗೆಯ ಬಳಿಕ ಶಿವರಾತ್ರಿಯ ಹೊತ್ತಿಗೆ ಕದ್ರಿಯನ್ನು ತಲುಪುತ್ತದೆ. ದಾರಿಯ ಊರುಗಳಲ್ಲಿ ಭಕ್ತರ ಸ್ವಾಗತ, ಭಿಕ್ಷೆ. ಅರಸನಾಗುವವನೂ ಉಳಿದವರಂತೆ ನಡೆದೇ ಬರಬೇಕು.

2015ರ ಕುಂಭಮೇಳದಲ್ಲಿ ಆಯ್ಕೆಯಾದ ಯೋಗಿ ನಿರ್ಮಲನಾಥರಿಗೆ 2016ರ ಮಾರ್ಚ್‌ನಲ್ಲಿ, ಶಿವರಾತ್ರಿಯ ವೇಳೆಗೆ ಪಟ್ಟಾಭಿಷೇಕವಾಯಿತು. ಅದುವರೆಗೆ ಹನ್ನೆರಡು ವರ್ಷ ಸ್ಥಾನದಲ್ಲಿದ್ದ ಯೋಗಿ ಸಂಧ್ಯಾನಾಥರು ಪಟ್ಟ ಬಿಟ್ಟುಕೊಟ್ಟರು. ಪಟ್ಟವಾಗುವಾಗ ಸಿಂಹಾಸನ, ಕಿರೀಟ, ರಾಜಮರ್ಯಾದೆ ಎಲ್ಲವೂ ಉಂಟು. ಊರಿನ ಗೃಹಸ್ಥ ಜೋಗಿ ಸಮಾಜದವರಿಗೆ ಅದು ಮನೆಯ ಹಬ್ಬ. ಮರುದಿನದಿಂದ ಅರಸರ ಬದುಕು ಮಠದ ನಿತ್ಯಕಟ್ಟಳೆಯದು: ಕಾಲಭೈರವನ ಪೂಜೆ, ಆರದ ಧುನಿ, ಬಂದ ಸಾಧುಗಳಿಗೆ ಅನ್ನ, ಭಕ್ತರ ಭೇಟಿ. ಕದ್ರಿಯ ಜಾತ್ರೆಯ ಸಮಯದಲ್ಲಿ ಮಠದ ಯೋಗಿಗಳು ಮಂಗಳಾದೇವಿಗೆ ರೇಷ್ಮೆ ಸೀರೆ ಒಪ್ಪಿಸುವ ಪದ್ಧತಿಯೂ ನಡೆದುಬಂದಿದೆ.

ಈ ರಾಜ್ಯಕ್ಕೆ ಈಗ ತೆರಿಗೆಯಿಲ್ಲ, ಸೈನ್ಯವಿಲ್ಲ. ಮಂಜುನಾಥ ದೇವಸ್ಥಾನವೂ ಸರಕಾರದ ಮುಜರಾಯಿ ಇಲಾಖೆಗೆ ಸೇರಿದೆ. ಇಕ್ಕೇರಿಯ ನಾಯಕರು, ಹೈದರ್, ಟಿಪ್ಪು, ಇಂಗ್ಲಿಷರು, ಬಳಿಕ ಪ್ರಜಾಪ್ರಭುತ್ವ ಒಂದರ ಮೇಲೊಂದು ಬಂದು, ಅರಸನ ಕೈಯಿಂದ ಭೂಮಿಯೂ ಅಧಿಕಾರವೂ ಹೋದವು. ಉಳಿದದ್ದು ಹೆಸರು ಮತ್ತು ಅದಕ್ಕೆ ಅಂಟಿದ ಕರ್ತವ್ಯ. ಅವು ಉಳಿಯಲು ಮುಖ್ಯ ಕಾರಣ ಒಂದೇ ಎನ್ನಬಹುದು. ಈ ಸಿಂಹಾಸನ ಯಾವೊಬ್ಬನ ಸೊತ್ತೂ ಅಲ್ಲ. ಏರಿದವನು ಇಳಿಯುವ ದಿನ ಮೊದಲೇ ಗೊತ್ತಿರುತ್ತದೆ. ಕೂತಲ್ಲೇ ಬೇರುಬಿಡಲು, ಅರಮನೆಯನ್ನು ಹಿಗ್ಗಿಸಿ ಮಕ್ಕಳಿಗೆ ಬಿಟ್ಟುಹೋಗಲು ಅವಕಾಶವಿಲ್ಲ. ಹೊರಗಿನ ಒಡೆಯರು ಬದಲಾದಾಗಲೂ ಆರಿಸುವವರು, ನಡೆದು ಬರುವವರು, ಬಂದವರಿಗೆ ಅನ್ನವಿಕ್ಕುವವರು ಉಳಿದುಕೊಂಡರು.

ವರ್ಸೇಲ್ಸಿನಲ್ಲಿ ದೊರೆ ಮಲಗುತ್ತಿದ್ದ ಕೋಣೆಯನ್ನು ಇಂದು ಮೊದಲಿನಂತೆಯೇ ಸಿಂಗರಿಸಿಟ್ಟಿದ್ದಾರೆ. ಮಂಚದ ಮುಂದೆ ಚಿನ್ನದ ಬಣ್ಣದ ಕಟಾಂಜನ. ಜಗತ್ತಿನೆಲ್ಲೆಡೆಯ ಪ್ರವಾಸಿಗರು ಆಚೆ ನಿಂತು ನೋಡಿ ಮುಂದೆ ಸಾಗುತ್ತಾರೆ. ದೆಲ್ಲಾ ವಲ್ಲೆ ಕಂಡ ಕೆಂಪು ಗೋಡೆಯ ಜಗಲಿಯ ಮೇಲಿನ ಮರದ ಮಂಚವನ್ನು ಯಾರೂ ಕಾಪಿಟ್ಟಿಲ್ಲ. ಅದರ ಮೇಲೆ ಕೂರಬೇಕಾದವನನ್ನು ಮಾತ್ರ ತಪ್ಪದೆ ಆರಿಸುತ್ತ ಬಂದಿದ್ದಾರೆ. ಪದ್ಧತಿಯಂತೆ ತ್ರ್ಯಂಬಕೇಶ್ವರದಲ್ಲಿ ಮುಂದಿನ ಆಯ್ಕೆ ನಡೆಯಬೇಕಾದದ್ದು 2027ರಲ್ಲಿ. ಅಲ್ಲಿಂದ ಕದ್ರಿಗೆ ಸುಮಾರು ಸಾವಿರ ಕಿಲೋಮೀಟರ್ ದಾರಿ. ಹೊಸ ಅರಸು ಅದನ್ನು ನಡೆದೇ ಬರಬೇಕು.